ಮಾರ್ಗದರ್ಶಿಯಿಲ್ಲದ ಅಡವಿ ವಿಹಾರ

ನಾಲ್ಕು ದಿನ ಅಡವಿಯಲ್ಲಿದ್ದು ಬರೋಣವೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಮನಸ್ಸು ಮಲೆನಾಡಿನ ಕಡೆಗೆ ಓಡುತ್ತದೆ. ಹೆಮ್ಮರ, ಆನೆ, ಜಿಗಣೆ ಇವಿಲ್ಲದ ಕಾಡು ಕಾಡೇ ಅಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಹೊತ್ತು ನಾವು ಶ್ರೋತೃಗಳನ್ನು ಕರೆದೊಯ್ಯಬೇಕೆಂದಿರುವುದು ಬೇರೊಂದು ಬಗೆಯ ಅಡವಿಗೆ. ಬಾಗಲಕೋಟೆ ತಾಲೂಕಿನ ಬೇವೂರಿನಲ್ಲಿ ಬಿಡಾರ ಮಾಡಿ ದಕ್ಷಿಣದ ಸೀಮೆಗೆ ಹೊರಟರೆ ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ಕೆಂಪು ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಾಡಿದು. ಜಾಲಿ, ಕಾರೆ, ಕಳ್ಳಿ, ಸೀತಾಫಲ ಇವೇ ಇಲ್ಲಿಯ ವನಸಂಪತ್ತು. ದೃಷ್ಟಿಗೆ ತಡೆಯಿಲ್ಲದ ಈ ಕುರುಚಲು ಕಾಡು, ಯಾರ ನೆರವೂ ಇಲ್ಲದೆ ತಾನಾಗಿ ನೋಡಿ ಕಲಿಯುವವನಿಗೆ ಒಳ್ಳೆಯ ಪಾಠಶಾಲೆ.

ದೃಷ್ಟಿಗೆ ತಡೆಯಿಲ್ಲವೆಂದ ಮಾತ್ರಕ್ಕೆ ದಾರಿ ತಪ್ಪುವುದಿಲ್ಲವೆಂದು ಎಣಿಸಬಾರದು. ಬಾದಾಮಿಯಿಂದ ಮಹಾಕೂಟದ ಕಡೆಗಿರುವ ಗುಡ್ಡಗಳಲ್ಲಿ ಸಿಡ್ಲಫಡಿ ಎಂಬ ಕಲ್ಲಾಸರೆಯೊಂದುಂಟು. ಇತಿಹಾಸಪೂರ್ವ ಕಾಲದ ಜನರು ಬರೆದ ಚಿತ್ರಗಳು ಅಲ್ಲಿವೆ. ಒಮ್ಮೆ ನಾವು ಮೂವರು ಗೆಳೆಯರು ಅದನ್ನು ನೋಡಿ ಹಿಂದಿರುಗುವಾಗ, ಬಂದ ಹಾದಿಯೆಂದು ನಂಬಿ ಬೇರೊಂದು ಕೊರಕಲನ್ನು ಹಿಡಿದೆವು. ಬಂಡೆಯ ಮೇಲೆ ಹೆಜ್ಜೆ ಮೂಡುವುದಿಲ್ಲ. ಒಂದು ಬಂಡೆಯಂತೆಯೇ ಇನ್ನೊಂದು. ಹೊತ್ತು ನೆತ್ತಿಯ ಮೇಲಿತ್ತು. ನೀರು ಮುಗಿದಿತ್ತು. ಎಲ್ಲಿಗೆ ಹೋಗುತ್ತೇವೆಂದು ಬಿಡಾರದಲ್ಲಿ ಯಾರಿಗೂ ತಿಳಿಸಿರಲಿಲ್ಲ. ಒಬ್ಬ ಗೆಳೆಯನಿಗೆ ತಲೆ ಸುತ್ತಿ ಬಂದು ಅವನು ಕುಳಿತುಬಿಟ್ಟಾಗ ವಿಹಾರವೆಂಬ ಮಾತು ನಮ್ಮ ಬಾಯಿಂದ ಹಾರಿಹೋಯಿತು.

ಆಗ ನೆನಪಿಗೆ ಬಂದುದು ಪೂರ್ವಿಕರ ಶಂಕು. ಮೊಳದುದ್ದದ ಕೋಲನ್ನು ನೆಲದಲ್ಲಿ ನಿಲ್ಲಿಸಿ, ನೆರಳಿನ ತುದಿಗೆ ಒಂದು ಹರಳನ್ನಿಟ್ಟು, ಅರ್ಧ ಗಂಟೆ ಬಿಟ್ಟು ಸರಿದ ತುದಿಗೆ ಇನ್ನೊಂದನ್ನಿಟ್ಟರೆ, ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಗೆಳೆಯನನ್ನು ನೆರಳಿಗೆ ಒರಗಿಸಿ ಆ ಅರ್ಧ ಗಂಟೆಯನ್ನು ಕಳೆದೆವು. ಬಾದಾಮಿ ಪಶ್ಚಿಮಕ್ಕಿರಬೇಕೆಂದು ಮೆಲ್ಲನೆ ನಡೆದೆವು. ಸ್ವಲ್ಪ ದೂರದಲ್ಲಿ ಕುರಿ ಕಾಯುವ ಮುದುಕನೊಬ್ಬ ಸಿಕ್ಕಿ ನೀರು ಕೊಟ್ಟು, “ದಿಕ್ಕು ಬರೋಬ್ಬರಿ ಹಿಡದೀರಿ, ಆದ್ರ ನೀರು ಯಾಕ ಹಿಡೀಲಿಲ್ರೀ?” ಎಂದ. ನಮ್ಮ ವಿದ್ಯೆಯ ಬೆಲೆಯೂ ಅವಿವೇಕದ ಬೆಲೆಯೂ ಆ ಒಂದು ಮಾತಿನಲ್ಲಿ ಗೊತ್ತಾದುವು.

ಆದುದರಿಂದ ಕೆಲವು ನಿಯಮಗಳನ್ನು ಮೊದಲೇ ಹೇಳಿಬಿಡುತ್ತೇವೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ ಹೋಗತಕ್ಕದ್ದು. ಬೇಸಗೆಯಲ್ಲಿ ಈ ಬಂಡೆಗಳು ಕಾದ ಹಂಚಿನಂತಾಗುತ್ತವೆ. ಒಬ್ಬೊಬ್ಬರಿಗೆ ಮೂರು ಲೀಟರಿಗೆ ಕಡಿಮೆಯಿಲ್ಲದೆ ನೀರಿರಲಿ. ಹೋಗುವ ಕಡೆಯನ್ನೂ ಹಿಂದಿರುಗುವ ಹೊತ್ತನ್ನೂ ಬಿಡಾರದವರಿಗೆ ತಿಳಿಸಿರಬೇಕು. ಕಲ್ಲುಸಂದಿನಲ್ಲಿ ಕೈಯಿಡಬಾರದು; ಹಾವು ಮಲಗಿದ್ದೀತು. ಕೋಡುಗಲ್ಲುಗಳಲ್ಲಿ ಹೆಜ್ಜೇನು ಕಟ್ಟಿರುವ ಕಡೆ ಹೊಗೆ, ಕೂಗಾಟ ಕೂಡದು.

ಇಷ್ಟು ಎಚ್ಚರವಿದ್ದರೆ ನೋಡುವುದಕ್ಕೆ ಏನು ಕೊರತೆ? ನಸುಕಿನಲ್ಲಿ ಬಂಡಿಜಾಡಿನ ಹುಡಿಯನ್ನು ನೋಡಿರಿ. ರಾತ್ರಿ ಓಡಾಡಿದ ಮೊಲ, ನರಿ, ನವಿಲುಗಳು ತಮ್ಮ ದಿನಚರಿಯನ್ನು ಅಲ್ಲಿ ಬರೆದಿಟ್ಟಿರುತ್ತವೆ. ಬಿಸಿಲೇರಿದ ಮೇಲೆ ಕಲ್ಲನ್ನು ಓದಿರಿ. ಮರಳುಗಲ್ಲಿನ ಹಾಸಿನಲ್ಲಿ ಅಲ್ಲಲ್ಲಿ ಅಲೆಯ ಗೀರುಗಳು ಕಾಣುತ್ತವೆ. ಪ್ರಾಣಿಗಳು ನೆಲವನ್ನೇರುವುದಕ್ಕೆ ಬಹು ಮುಂಚೆ, ಐವತ್ತು ಕೋಟಿ ವರ್ಷಗಳಿಗೂ ಹಿಂದೆ, ನೀರು ಮರಳಿನ ಮೇಲೆ ಹರಿದ ಗುರುತು ಅದು. ಇದೇ ಕಲ್ಲಿನ ಮೇಲೆಯೇ 543ರಲ್ಲಿ ಮೊದಲನೆಯ ಪುಲಕೇಶಿಯು ಬಾದಾಮಿಯ ಕೋಟೆಯ ವಿಷಯವನ್ನು ಬರೆಯಿಸಿದನು; 578ರಲ್ಲಿ ಮಂಗಲೇಶನ ಶಾಸನ ಮೂರನೆಯ ಗುಹೆಯಲ್ಲಿ ಮೂಡಿತು. ಐಹೊಳೆಯ ಮೇಗುತಿ ಗುಡ್ಡವನ್ನು ಹತ್ತಿದವರು 634ರ ರವಿಕೀರ್ತಿಯ ಶಾಸನವನ್ನು ನೋಡಿ ಇಳಿದುಬಿಡುತ್ತಾರೆ. ಗುಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದರೆ, ಆ ಕವಿಗೂ ಬಹು ಹಿಂದಿನವರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಗೋರಿಗಳಿವೆ. ಕೂಗಿ ಹೇಳುವವರಿಲ್ಲದುದರಿಂದ ಅವು ಕಣ್ಣಿಗೆ ಬೀಳುವುದಿಲ್ಲ. ತಾನೇ ನೋಡಬೇಕೆಂದು ಹೊರಟವನಿಗೆ ದೊರೆಯುವ ಲಾಭ ಇಂಥದು.

ಬೀಳಗಿ, ಮುಧೋಳಗಳ ಕಡೆಯ ಯಡಹಳ್ಳಿಯಲ್ಲಿ ಚಿಂಕಾರವೆಂಬ ಪುಟ್ಟ ಹುಲ್ಲೆಗಾಗಿ 2016ರಲ್ಲಿ ವನ್ಯಧಾಮವಾಯಿತು. ಬಹಳ ಕಡಿಮೆ ನೀರಿನಲ್ಲಿ ಬದುಕುವ ಈ ಪ್ರಾಣಿ ಮನುಷ್ಯನ ಸುಳಿವನ್ನು ಮಾತ್ರ ಸಹಿಸದು. ಅಲ್ಲಿ ನಮ್ಮ ಸ್ವಾತಂತ್ರ್ಯಕ್ಕೆ ಮಿತಿಯುಂಟು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಕೂಡದು.

ರಾತ್ರಿಯ ಪಾಠ ಬೇರೆ. ಬೇವೂರಿನ ಅಕ್ಷಾಂಶ ಸುಮಾರು 16. ಧ್ರುವನಕ್ಷತ್ರವೂ ಅಲ್ಲಿ ಕ್ಷಿತಿಜದಿಂದ ಸುಮಾರು ಅಷ್ಟೇ ಅಂಶ ಮೇಲಿರುತ್ತದೆ. ಕೈಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಅಂಶ. ಉತ್ತರದಿಕ್ಕಿನಲ್ಲಿ ಒಂದೂವರೆ ಮುಷ್ಟಿ ಎತ್ತರಕ್ಕೆ ನೋಡಿದರೆ ಧ್ರುವನು ಸಿಕ್ಕುತ್ತಾನೆ. ಈ ಅಳತೆಗೆ ಯಾವ ಯಂತ್ರವೂ ಬೇಡ.

ಕೊನೆಯದಾಗಿ ಒಂದು ಮಾತು. ಮಾರ್ಗದರ್ಶಿ ಜೊತೆಯಲ್ಲಿದ್ದರೆ ನಮ್ಮನ್ನು ಕಾಯುವಂತೆ ಸ್ಥಳವನ್ನೂ ಕಾಯುತ್ತಾನೆ. ಅವನಿಲ್ಲದಾಗ ಆ ಎರಡು ಭಾರವೂ ನಮ್ಮದೇ. ಸಿಡ್ಲಫಡಿಯ ಚಿತ್ರಗಳಿಗೆ ಬಾಗಿಲಿಲ್ಲ, ಬೀಗವಿಲ್ಲ. ಸಾವಿರಾರು ವರ್ಷ ಬಿಸಿಲು ಮಳೆಗಳನ್ನು ತಡೆದುಕೊಂಡ ಬಣ್ಣವನ್ನು ತನ್ನ ಹೆಸರು ಕೆತ್ತುವವನೊಬ್ಬ ಒಂದು ಗಳಿಗೆಯಲ್ಲಿ ಅಳಿಸಬಲ್ಲನು. ಒದ್ದೆ ಕೈಯಿಂದ ಮುಟ್ಟದೆ, ಬಂಡೆಯ ಬುಡದಲ್ಲಿ ಬೆಂಕಿ ಹಾಕದೆ, ಸುಮ್ಮನೆ ಕುಳಿತು ನೋಡಿ ಬನ್ನಿರಿ. ಬುತ್ತಿಯ ರೊಟ್ಟಿಯಲ್ಲಿ ಅರ್ಧವನ್ನು ದಾರಿಯಲ್ಲಿ ಸಿಕ್ಕುವ ಕುರಿಗಾರನಿಗೆ ಉಳಿಸಿರಿ. ನೀರನ್ನು ಮಾತ್ರ ಮರೆಯಬೇಡಿರಿ.