ಮಂಗಳವಾರದ ವಿಹಾರ
(ಮುಂಬಯಿಯಲ್ಲಿ ರಾಜ್ಯೋತ್ಸವದ ಸಂಜೆ ಮಾಡಿದ ಭಾಷಣ)



ಈ ಸಂಜೆ ಏಕೀಕರಣದ ವಿಷಯವನ್ನು ಒಬ್ಬ ಹಿರಿಯರಿಗೂ ಸಾಹಿತ್ಯದ ವಿಷಯವನ್ನು ಇನ್ನೊಬ್ಬ ವಿದ್ವಾಂಸರಿಗೂ ಒಪ್ಪಿಸಿ, ನಮ್ಮ ಪಾಲಿಗೆ ‘ನಗರಜೀವನದಲ್ಲಿ ವಿನೋದ ವಿಹಾರ’ ಎಂಬುದನ್ನು ಉಳಿಸಿದ್ದಾರೆ. ಎಂಬತ್ತು ದಾಟಿದವರ ಹೆಗಲಿಗೆ ಭಾರ ಹೊರಿಸುವುದು ಬೇಡವೆಂದು ಕಾರ್ಯದರ್ಶಿಗಳು ದಯೆ ತೋರಿದಂತಿದೆ. ಬಾಳೆಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುವಷ್ಟು ಜಾಗ ನಮಗೆ ಸಿಕ್ಕಿದೆ. ಅದಕ್ಕೆ ಬೇಸರವಿಲ್ಲ. ಊಟದಿಂದ ಎದ್ದ ಮೇಲೂ ಬೆರಳಿನಲ್ಲಿ ಉಳಿಯುವುದು ಆ ವಾಸನೆಯೇ ಅಲ್ಲವೆ?

ಊರಿನಲ್ಲಿದ್ದಾಗ ನಮಗೆ ಭಾನುವಾರವೆಂಬುದು ಇರಲಿಲ್ಲ. ತೇರು ಬಂದಾಗ ತೇರು, ಆಟ ಬಂದಾಗ ಆಟ, ಗದ್ದೆ ಕೊಯ್ದ ಮೇಲೆ ಕಂಬಳ. ವಿನೋದವೆಂಬುದು ತನ್ನ ಕಾಲಕ್ಕೆ ತಾನೇ ಬಾಗಿಲಿಗೆ ಬರುತ್ತಿತ್ತು. ಮುಂಬಯಿಗೆ ಬಂದ ಮೇಲೆ ವಾರಕ್ಕೆ ಒಂದು ದಿನವೆಂದು ಅಳೆದು ಕೊಡುವ ಪದ್ಧತಿ ತಿಳಿಯಿತು. ಆ ಒಂದು ದಿನವಾದರೂ ತಾನಾಗಿ ಬಂದುದಲ್ಲ. ಈ ನಗರದ ಗಿರಣಿಗಳಲ್ಲಿ ದುಡಿಯುವವರಿಗೆ ವಾರದ ರಜೆ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಅರ್ಜಿ ಬರೆದು, ಸಭೆ ಕೂಡಿಸಿ ಹೋರಾಡಿದರು. ೧೮೯೦ರ ಜೂನ್ ೧೦ರಂದು ಗಿರಣಿಯ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಜೇಜುರಿಯ ಖಂಡೋಬನ ವಾರ. ಆ ಖಂಡೋಬನೇ ನಮ್ಮ ಕಡೆಯ ಮೈಲಾರಲಿಂಗ. ಆದುದರಿಂದ ಭಾನುವಾರವನ್ನು ಇಂಗ್ಲಿಷರ ವಾರವೆಂದು ಮೂಗು ಮುರಿಯುವ ಹಿರಿಯರಿಗೆ ನಾವು ಸಮಾಧಾನ ಹೇಳುವುದುಂಟು: ಅದು ನಮ್ಮ ಮೈಲಾರನದೂ ಹೌದು.

ಆ ದಿನವನ್ನು ನಾವು ಹೇಗೆ ಕಳೆದೆವು? ತಾವೆಲ್ಲ ಕಳೆದ ಹಾಗೆಯೇ. ಮಕ್ಕಳನ್ನು ರಾಣಿಬಾಗಿಗೆ ಕರೆದುಕೊಂಡು ಹೋದೆವು. ಅಲ್ಲಿಯ ವಸ್ತುಸಂಗ್ರಹಾಲಯದ ಬಳಿ ನಿಂತಿರುವ ಕಲ್ಲಾನೆಯನ್ನು ತೋರಿಸಿ, ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ಬಂದದ್ದು ಈ ಆನೆಯಿಂದಲೇ, ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಒಡೆದು ಇಲ್ಲಿ ಜೋಡಿಸಿ ನಿಲ್ಲಿಸಿದರು ಎಂದು ಹೇಳಿದರೆ, ಮಕ್ಕಳು ಜೀವಂತ ಆನೆ ಎಲ್ಲಿ ಎಂದು ಕೇಳಿದವು. ಈಗಿನ ಮಕ್ಕಳು ಅಲ್ಲಿ ಪೆಂಗ್ವಿನ್ನುಗಳನ್ನು ಕೇಳುತ್ತವೆ. ಮಲಬಾರ್ ಹಿಲ್ಲಿನ ಬೂಟಿನ ಮನೆಯ ಕಿಟಕಿಯಲ್ಲಿ ತಲೆ ಹಾಕಿಸಿ ಫೋಟೋ ತೆಗೆಸಿದೆವು. ಚೌಪಾಟಿಯಲ್ಲಿ ಭೇಲ್ ತಿಂದು, ಅದರಲ್ಲಿ ಖಾರ ಹೆಚ್ಚೆಂದು ಪ್ರತಿ ಸಲವೂ ಹೇಳಿ, ಪ್ರತಿ ಸಲವೂ ತಿಂದೆವು. ಕಿಂಗ್ಸ್ ಸರ್ಕಲ್ಲಿನ ಅರೋರಾ ಚಿತ್ರಮಂದಿರದಲ್ಲಿ ದಕ್ಷಿಣದ ಚಿತ್ರ ಬಂದರೆ ಭಾಷೆ ಯಾವುದೆಂದು ನೋಡದೆ ಹೋದೆವು. ಮಳೆಗಾಲದಲ್ಲಿ ಊರಿನ ಮೇಳಗಳು ತಿರುಗಾಟ ಮುಗಿಸಿ ಈ ಕಡೆಗೆ ಬಂದಾಗ ಯಕ್ಷಗಾನ ನೋಡಿದೆವು. ಊರಿನಲ್ಲಿ ಬೆಳಕು ಹರಿಯುವವರೆಗೆ ಕುಣಿದು ಸಾಯುವ ರಾಕ್ಷಸ, ಇಲ್ಲಿ ಕೊನೆಯ ಲೋಕಲ್ ಗಾಡಿ ತಪ್ಪಬಾರದೆಂದು ರಾತ್ರಿ ಊಟದ ಹೊತ್ತಿಗೇ ಪ್ರಾಣ ಬಿಡಬೇಕಾಗುತ್ತಿತ್ತು. ೧೯೭೨ರಲ್ಲಿ ಮುಂಬಯಿ ದೂರದರ್ಶನ ಆರಂಭವಾಯಿತು. ೧೯೮೭ರಲ್ಲಿ ಭಾನುವಾರ ಬೆಳಗಿನ ರಾಮಾಯಣ ಬಂದ ಮೇಲಂತೂ ಬೆಳಗಿನ ಹೊತ್ತು ಹೊರಡುವ ಮಾತೇ ಇಲ್ಲವಾಯಿತು. ಈಗ ಹೊರಟರೂ ಭಾನುವಾರದ ಮೆಗಾ ಬ್ಲಾಕ್ ಎಂಬುದೊಂದಿದೆ. ಉಳಿದ ಆರು ದಿನ ಕಚೇರಿಗೆ ಒಯ್ಯುವ ರೈಲ್ವೆಯವರು ಏಳನೆಯ ದಿನ ಹಳಿ ದುರಸ್ತಿ ಮಾಡದೆ ಇನ್ನೇನು ಮಾಡಿಯಾರು!

ಇಷ್ಟನ್ನೇ ಹೇಳಿ ಕುಳಿತುಕೊಳ್ಳಬಹುದಾಗಿತ್ತು. ಆದರೆ ವಿಹಾರ ಎಂಬ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವವರು ಭಾನುವಾರವೇ ಇಲ್ಲದ ಒಬ್ಬರು. ಅವರ ವಿಷಯವನ್ನು ಹೇಳಲು ತಮ್ಮ ಅಪ್ಪಣೆ ಬೇಡುತ್ತೇವೆ.

ಅವರು ನಮ್ಮ ಮನೆಯವಳ ಅಣ್ಣ. ನಾವು ಅವರನ್ನು ಭಾವ ಎನ್ನುವುದು, ಅವರೂ ನಮ್ಮನ್ನು ಭಾವ ಎನ್ನುವುದು. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಹಡಗು ಹತ್ತಿ ಬಂದು, ಮಾಟುಂಗದ ಕಡೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತು, ಮೇಜು ಒರೆಸಿ, ಕೊನೆಗೆ ಸಪ್ಲಾಯರ್ ಆದವರು. ಹೋಟೆಲು ಮುಚ್ಚಿದ ಮೇಲೆ ರಾತ್ರಿಶಾಲೆಗೆ ಹೋಗಿ ಕನ್ನಡ ಓದು ಮುಂದುವರಿಸಿದರು. ಅವರಿಗೆ ವಾರದ ರಜೆ ಮಂಗಳವಾರ. ನಮಗೆ ಬಿಡುವಿದ್ದಾಗ ಅವರಿಗೆ ಬಿಡುವಿಲ್ಲ. ಅವರಿಗೆ ಬಿಡುವಿದ್ದಾಗ ನಾವು ಕೋಟೆಯ ಕಚೇರಿಯಲ್ಲಿ ಕಡತ ತಿರುವುತ್ತಿರುತ್ತೇವೆ, ಮಕ್ಕಳು ಶಾಲೆಯಲ್ಲಿ. ಮಂಗಳವಾರ ಅವರು ಏನು ಮಾಡುತ್ತಾರೆಂದು ನಾವು ಕೇಳಿದ್ದೂ ಇಲ್ಲ. ಮಲಗುತ್ತಾರೆಂದು ತಿಳಿದಿದ್ದೆವು.

೧೯೭೩ರಲ್ಲಿ ಗಾಂಧಿ ಜಯಂತಿ ಮಂಗಳವಾರ ಬಿತ್ತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವುದಕ್ಕೆ ಇನ್ನೊಂದು ತಿಂಗಳಿತ್ತು. ಆ ಬೆಳಿಗ್ಗೆ ಆರೂವರೆಗೆ ಭಾವ ದಾದರಿನ ನಮ್ಮ ಚಾಳಿನ ಬಾಗಿಲು ತಟ್ಟಿ, “ಎಂತ ಭಾವ, ಎಲ್ಲರಿಗೂ ರಜೆಯಲ್ಲವಾ? ಮಕ್ಕಳನ್ನು ಹೊರಡಿಸಿ. ಒಂದು ಕಡೆ ಹೋಗಿ ಬರುವ” ಎಂದರು. ಎಲ್ಲಿಗೆಂದರೆ ಹೇಳಲಿಲ್ಲ. ಬೊರಿವಿಲಿಯಲ್ಲಿ ಇಳಿಸಿ, ಈಗ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಕರೆಯುವ ಕಾಡಿನೊಳಗೆ ನಡೆಸಿದರು. ಆರು ಕಿಲೋಮೀಟರಿನಷ್ಟು ದಾರಿ. ಐದು ವರ್ಷದ ಮಗನನ್ನು ಅರ್ಧ ದಾರಿ ಅವರೇ ಹೆಗಲ ಮೇಲೆ ಹೊತ್ತರು. ಯಾವ ತಿರುವಿನಲ್ಲಿ ನೆರಳಿದೆ, ಎಲ್ಲಿ ಕುಳಿತರೆ ತೊರೆಯ ಸದ್ದು ಕೇಳಿಸುತ್ತದೆ, ಎಲ್ಲಿ ಮಂಗಗಳು ಬುತ್ತಿ ಕಸಿಯುತ್ತವೆ ಎಂಬುದೆಲ್ಲ ಅವರಿಗೆ ಗೊತ್ತು. ನಮಗೆ ಆಶ್ಚರ್ಯವಾಯಿತು. ಹನ್ನೆರಡು ವರ್ಷ ಈ ನಗರದಲ್ಲಿದ್ದು ನಾವು ಕಾಣದ ಜಾಗವನ್ನು ಅವರು ಮನೆಯ ಹಿತ್ತಿಲಿನಂತೆ ತಿಳಿದಿದ್ದರು.

ಕಾನ್ಹೇರಿಯ ಗವಿಗಳನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ನೋಡದವರಿಗಾಗಿ ಎರಡು ಮಾತು. ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ, ಎಂಬುದೇ ಕಾನ್ಹೇರಿಯಾಗಿದೆ. ಕಪ್ಪು ಕಲ್ಲಿನ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗವಿಗಳನ್ನು ಬೌದ್ಧ ಭಿಕ್ಷುಗಳಿಗಾಗಿ ಕಡಿದಿದ್ದಾರೆ. ಕೆಲಸ ಆರಂಭವಾಗಿ ಎರಡು ಸಾವಿರ ವರ್ಷಗಳಾದವು. ದೊಡ್ಡ ಚೈತ್ಯದ ಮೊಗಸಾಲೆಯ ಎರಡು ಪಕ್ಕಗಳಲ್ಲೂ ಮೂರಾಳಿಗೂ ಮೀರಿದ ಎತ್ತರದ ಬುದ್ಧ ನಿಂತಿದ್ದಾನೆ. ಆದರೆ ನಮ್ಮ ಮನೆಯವಳು ಬೆರಗಾದದ್ದು ಬುದ್ಧನಿಗಲ್ಲ, ನೀರಿಗೆ. ಬಂಡೆಯ ಮೇಲೆ ಸುರಿದ ಮಳೆ ವ್ಯರ್ಥವಾಗದಂತೆ ಸಣ್ಣ ಕಾಲುವೆಗಳನ್ನು ಕೊರೆದು, ಗವಿಗವಿಯ ಬಾಗಿಲಿಗೂ ತೊಟ್ಟಿ ಕಡಿದು ನೀರು ತುಂಬುವಂತೆ ಮಾಡಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಾಳಿನ ನಲ್ಲಿಯ ಮುಂದೆ ಕೊಡ ಇಡುತ್ತಿದ್ದ ಹೆಂಗಸು ಅದನ್ನು ನೋಡಿ, “ಸನ್ಯಾಸಿಗಳಿಗೆ ಮನೆಬಾಗಿಲಿಗೆ ನೀರು, ಸಂಸಾರಸ್ಥರಿಗೆ ಸಾಲು” ಎಂದಳು.

ಭಾವ ನಮ್ಮನ್ನು ಕರೆದೊಯ್ಯಬೇಕೆಂದಿದ್ದುದು ದರ್ಬಾರ್ ಗವಿಯೆಂದು ಹೆಸರಾದ ೧೧ನೆಯ ಗವಿಗೆ. ಒಳಗೆ ಉದ್ದಕ್ಕೆ ಎರಡು ತಗ್ಗಾದ ಕಲ್ಲಿನ ಪೀಠಗಳು, ನಡುವೆ ಓಡಾಡುವಷ್ಟು ಜಾಗ. ಭಿಕ್ಷುಗಳು ಸಭೆಗೋ ಊಟಕ್ಕೋ ಸೇರುತ್ತಿದ್ದ ಜಾಗ ಎನ್ನುತ್ತಾರೆ. ಭಾವ ನಡುವಿನ ಹಾದಿಯಲ್ಲಿ ನಿಂತು, ಎಡಗೈಯ ಮೇಲೆ ನಾಲ್ಕು ತಟ್ಟೆ ಜೋಡಿಸಿದವರಂತೆ ತೋಳು ಚಾಚಿ, “ಮಕ್ಕಳೇ, ಇದು ಹೋಟೆಲೇ ಸೈ. ಬಡಿಸುವವನಿಗೆ ಬೇಕಾದಷ್ಟೇ ಜಾಗ ಬಿಟ್ಟಿದ್ದಾರೆ, ಒಂದಂಗುಲ ಹೆಚ್ಚಿಲ್ಲ” ಎಂದು ನಗಿಸಿದರು.

ಆಮೇಲೆ ಹೊರಗೆ ಮೊಗಸಾಲೆಗೆ ಕರೆತಂದು ಮೇಲೆ ಕಲ್ಲಿನಲ್ಲಿದ್ದ ಅಕ್ಷರಗಳನ್ನು ತೋರಿಸಿದರು. ನೃಪತುಂಗನ ಕಾಲದ ಬರಹ ಕಾನ್ಹೇರಿಯಲ್ಲಿದೆಯೆಂದು ರಾತ್ರಿಶಾಲೆಯ ಮಾಸ್ತರರು ಎಂದೋ ಹೇಳಿದ್ದರಂತೆ. ಅದನ್ನು ಹುಡುಕಿಕೊಂಡು ಅವರು ನಾಲ್ಕು ಮಂಗಳವಾರ ಒಬ್ಬರೇ ಬಂದಿದ್ದರು. ನಾಲ್ಕನೆಯ ಸಲ ಅಲ್ಲಿಯ ಕಾವಲುಗಾರ ಕೈ ತೋರಿಸಿದನಂತೆ. “ಓದಲಿಕ್ಕೆ ಬರುವುದಿಲ್ಲ ಭಾವ. ಇದೆ ಅಂತ ಗೊತ್ತಾಯಿತಲ್ಲ, ಸಾಕು” ಎಂದರು. ನಮ್ಮ ಎಂಟು ವರ್ಷದ ಮಗಳು, ಕನ್ನಡ ಎಂಬುದು ಅಜ್ಜಿಯ ಕಾಗದಗಳಲ್ಲಿ ಮಾತ್ರ ಇರುವುದೆಂದು ತಿಳಿದಿದ್ದವಳು, “ಮಾವ, ನಮ್ಮ ರಾಜ ಇಲ್ಲಿಗೆ ಯಾಕೆ ಬಂದ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಪುಸ್ತಕ ನೋಡಿ ಹೇಳಲು ನಮಗೆ ಕೆಲವು ವರ್ಷ ಹಿಡಿಯಿತು.

ಆ ಉತ್ತರ ಇಷ್ಟು. ಶಾಸನದ ಭಾಷೆ ಕನ್ನಡವಲ್ಲ, ಸಂಸ್ಕೃತ. ಮಾನ್ಯಖೇಟದಲ್ಲಿ, ಅಂದರೆ ಕಲಬುರಗಿಯ ಕಡೆಯ ಮಳಖೇಡದಲ್ಲಿ, ಕುಳಿತು ಆಳುತ್ತಿದ್ದ ಅಮೋಘವರ್ಷ ನೃಪತುಂಗನನ್ನು ಸಾರ್ವಭೌಮನೆಂದೂ, ಕೊಂಕಣವನ್ನಾಳುತ್ತಿದ್ದ ಶಿಲಾಹಾರರನ್ನು ಅವನ ಸಾಮಂತರೆಂದೂ ಅದು ಹೇಳುತ್ತದೆ. ಕಾಲ ೯ನೆಯ ಶತಮಾನ. ‘ಕವಿರಾಜಮಾರ್ಗ’ ಹುಟ್ಟಿದ ಕಾಲವೇ. ರಾಜ ತಾನಾಗಿ ಇಲ್ಲಿಗೆ ಬಂದನೆಂದು ಅದರಲ್ಲಿಲ್ಲ. ಇದನ್ನು ಹಿಡಿದುಕೊಂಡು ಮುಂಬಯಿಯೂ ನಮ್ಮದೇ ಎಂದು ಯಾರಾದರೂ ವೇದಿಕೆ ಹತ್ತಿದರೆ ನೆರೆಯ ಮರಾಠಿ ಬಂಧುಗಳು ನಕ್ಕಾರು, ನಗಬೇಕಾದದ್ದೇ. ನಮ್ಮ ಮನಸ್ಸಿಗೆ ನಾಟಿದ ಸಂಗತಿ ಬೇರೆ. ಆ ಕಾಲದ ಒಂದು ಶಾಸನದಲ್ಲಿ ದಾನ ಕೊಟ್ಟವನು ರಾಜನಲ್ಲ. ಗೌಡ ದೇಶದಿಂದ, ಎಂದರೆ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಉಪಾಸಕ. ಅಷ್ಟು ದೂರದಿಂದ ಬಂದವನು ಇಲ್ಲಿಯ ಭಿಕ್ಷುಗಳಿಗೆ ಇರಲು ಮನೆ ಕಟ್ಟಿಸಿ, ನೂರು ದ್ರಮ್ಮಗಳ ನಿಧಿ ಇಟ್ಟು ಹೋದ. ಪರಸ್ಥಳದವನ ಹೆಸರನ್ನು ಆ ಕಲ್ಲು ಇಂದಿಗೂ ಹೊತ್ತಿದೆ.

ಆ ಮಂಗಳವಾರದ ನಂತರ ನಮ್ಮ ಮಕ್ಕಳಿಗೆ ಕಾನ್ಹೇರಿಯ ಹುಚ್ಚು ಹಿಡಿಯಿತು. ವರ್ಷಕ್ಕೆರಡು ಸಲವಾದರೂ ಹೋದೆವು, ಭಾನುವಾರಗಳಲ್ಲಿ. ಭಾವ ಬರಲಿಲ್ಲ. ಕರೆದೆವು, “ಭಾನುವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಭಾವ” ಎಂದರು. ಒಂದು ಭಾನುವಾರ ಹಿಂದಿರುಗುವಾಗ ಮಕ್ಕಳಿಗೆ ಹಸಿವೆಯಾಗಿ, ಮಾವನ ಹೋಟೆಲಿಗೇ ಹೋಗೋಣವೆಂದು ಹಟ ಹಿಡಿದವು. ಮುಕ್ಕಾಲು ಗಂಟೆ ಬಾಗಿಲಲ್ಲಿ ಕಾದು ಒಳಗೆ ಕುಳಿತೆವು. ಭಾವ ಬಂದು ಮೇಜು ಒರೆಸಿ, ನೀರಿಟ್ಟು, “ಏನು ಕೊಡಲಿ?” ಎಂದು ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದರು. ಮಗ ಪಕ್ಕಕ್ಕೆ ಸರಿದು, “ಮಾವ, ಇಲ್ಲಿ ಕೂತುಕೊಳ್ಳಿ” ಎಂದು ಬೆಂಚು ತಟ್ಟಿದ. ಗಲ್ಲಾದ ಕಡೆಗೊಮ್ಮೆ ನೋಡಿ, ಮಗುವಿನ ತಲೆ ಸವರಿ ಅವರು ಒಳಗೆ ಹೋದರು. ದೋಸೆಯ ಜೊತೆಗೆ ನಾವು ಹೇಳದಿದ್ದ ಎರಡು ಜಹಾಂಗೀರು ಬಂದವು. ಬಿಲ್ಲಿನಲ್ಲಿ ಅವು ಇರಲಿಲ್ಲ. ಅವರ ಸಂಬಳದಲ್ಲಿ ಹಿಡಿದಿರಬೇಕು. ನಮ್ಮ ವಿಹಾರದ ದಿನವೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ದುಡಿಮೆಯ ದಿನ ಎಂಬುದು ನಮಗೆ ಅಂದು ಹೊಳೆಯಿತೆಂದು ಹೇಳಿದರೆ ಸುಳ್ಳಾದೀತು. ಅಂದು ಜಹಾಂಗೀರು ತಿಂದು ಬಂದೆವು. ಹೊಳೆದದ್ದು ಅವರು ಊರಿಗೆ ಮರಳಿ, ತೀರಿಕೊಂಡ ಸುದ್ದಿ ಬಂದ ಮೇಲೆ.

ನಮ್ಮ ಸಂಘದ ವಿಹಾರ ಕಾರ್ಯಕ್ರಮಗಳ ಹಳೆಯ ಪಟ್ಟಿಯನ್ನು ಮೊನ್ನೆ ತಿರುವಿ ನೋಡಿದೆವು. ಘಾರಾಪುರಿ, ವಸಯಿ ಕೋಟೆ, ಕಾನ್ಹೇರಿ, ಎಲ್ಲವೂ ಭಾನುವಾರ. ಹೋಟೆಲಿನ ಅಡಿಗೆಮನೆಯಲ್ಲಿರುವ ನಮ್ಮ ಹುಡುಗರು, ಕಟ್ಟಡಗಳ ಬಾಗಿಲು ಕಾಯುವವರು, ಆಸ್ಪತ್ರೆಯ ದಾದಿಯರು, ಮೋಟಾರು ಸೈಕಲ್ಲಿನ ಮೇಲೆ ಮನೆಮನೆಗೆ ಊಟ ತಲುಪಿಸುವವರು, ಕಲಬುರಗಿ ಯಾದಗಿರಿಗಳಿಂದ ಬಂದು ಗಾರೆ ಕೆಲಸಕ್ಕೆ ನಿಂತ ಸಂಸಾರಗಳು, ಇವರೂ ಕನ್ನಡಿಗರೇ. ಇವರಲ್ಲಿ ಒಬ್ಬರ ಹೆಸರೂ ಆ ಪಟ್ಟಿಯಲ್ಲಿ ನಮಗೆ ಸಿಕ್ಕಲಿಲ್ಲ. ಬೇಡವೆಂದವರು ಯಾರೂ ಇಲ್ಲ; ದಿನ ಗೊತ್ತುಮಾಡುವವರಿಗೆಲ್ಲ ಭಾನುವಾರ ರಜೆ ಇತ್ತು, ಅಷ್ಟೆ.

ಆದುದರಿಂದ ಕಾರ್ಯದರ್ಶಿಗಳೊಡನೆ ಮಾತಾಡಿ ಈ ತಿಂಗಳ ಒಂದು ಮಂಗಳವಾರ ಕಾನ್ಹೇರಿಗೆ ಹೊರಡುವುದೆಂದು ನಿಶ್ಚಯಿಸಿದ್ದೇವೆ. ನಿವೃತ್ತರಾದ ನಮ್ಮಂಥವರಿಗೆ ಎಲ್ಲ ವಾರವೂ ಒಂದೇ. ತಮಗೆ ಪರಿಚಯದ ಹೋಟೆಲುಗಳಲ್ಲಿ, ಕಟ್ಟಡಗಳ ಬಾಗಿಲಲ್ಲಿ ದಯವಿಟ್ಟು ತಿಳಿಸಿ; ಬುಧವಾರವೋ ಗುರುವಾರವೋ ಬಿಡುವಿರುವವರು ಹೇಳಿದರೆ ಇನ್ನೊಂದು ದಿನವನ್ನೂ ನೋಡೋಣ. ಬೊರಿವಿಲಿ ನಿಲ್ದಾಣದ ಪೂರ್ವದ ಬಾಗಿಲಲ್ಲಿ ಬೆಳಿಗ್ಗೆ ಎಂಟಕ್ಕೆ ಸೇರುವುದು. ಬುತ್ತಿಯನ್ನು ಬಿಗಿಯಾದ ಡಬ್ಬಿಯಲ್ಲಿ ತನ್ನಿ, ಬಾಳೆಹಣ್ಣನ್ನು ಮಾತ್ರ ತರಬೇಡಿ. ಅಲ್ಲಿಯ ಮಂಗಗಳು ಈಗಲೂ ಹಾಗೆಯೇ ಇವೆ.