ಇಲ್ಲದ ವಿಮಾನವೊಂದನ್ನು ಕಟ್ಟಿದ ಬಗೆ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲಿಂದ ಪಂಡಿತರು ಪಂಪನನ್ನು ಕುರಿತು, ವಚನಕಾರರನ್ನು ಕುರಿತು ಮಾತಾಡಿದ್ದನ್ನು ತಾವೆಲ್ಲ ಕೇಳಿದ್ದೀರಿ. ನಾನಾದರೋ ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಪರರ ಹಣ ಎಣಿಸುವ ಗುಮಾಸ್ತ. ಭಾಷಣದ ಅಭ್ಯಾಸ ನನಗಿಲ್ಲ. ಕಾರ್ಯದರ್ಶಿಗಳು ಒಮ್ಮೆ ನಮ್ಮ ಮನೆಗೆ ಬಂದಾಗ ಷೋಕೇಸಿನಲ್ಲಿದ್ದ ಪುಟ್ಟ ವಿಮಾನವೊಂದನ್ನು ಕಂಡು, “ಇದು ಯಾವ ವಿಮಾನ?” ಎಂದರು. “ಇಂಥ ವಿಮಾನ ಇಲ್ಲ, ಎಂದೂ ಇರಲಿಲ್ಲ” ಎಂದೆ. “ಹಾಗಾದರೆ ಅದನ್ನೇ ಸಭೆಯಲ್ಲಿ ಹೇಳಿಬಿಡಿ” ಎಂದು ಅಪ್ಪಣೆ ಮಾಡಿ, ಕಾಫಿ ಕುಡಿದು ಹೊರಟುಹೋದರು. ಆದ್ದರಿಂದ ಈ ಹೊತ್ತು ತಪ್ಪೇನಾದರೂ ಆದರೆ ಅರ್ಧ ಪಾಲು ಅವರದು.

ಪ್ಲಾಸ್ಟಿಕ್ ಕಿಟ್ ನೋಡದವರಿಗಾಗಿ ಎರಡು ಮಾತು. ಒಂದು ಪೆಟ್ಟಿಗೆ, ಅದರೊಳಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಕೊಂಬೆಯಲ್ಲಿ ಕಾಯಿ ಹಿಡಿದಂತೆ ಆ ಚೌಕಟ್ಟಿನಲ್ಲಿ ರೆಕ್ಕೆ, ಬಾಲ, ಚಕ್ರ, ಪೈಲಟ್ಟು ಎಲ್ಲವೂ ಹಿಡಿದಿರುತ್ತವೆ. ಬಿಡಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಇದರ ಅಂಟು ನಮ್ಮ ಗೋಂದಿನ ಜಾತಿಯದಲ್ಲ. ಅದು ಪ್ಲಾಸ್ಟಿಕ್ಕನ್ನೇ ಒಂದಿಷ್ಟು ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಬೆರೆತು, ಆರಿದ ಮೇಲೆ ಒಂದೇ ತುಂಡಾಗುತ್ತವೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನನ್ನ ಕಿಟ್ಟು ಏರ್‌ಫಿಕ್ಸ್ ಕಂಪನಿಯದು. ೧೯೩೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಮೊದಲು ಗಾಳಿ ತುಂಬುವ ರಬ್ಬರಿನ ಆಟಿಕೆಗಳನ್ನೂ ಆಮೇಲೆ ಬಾಚಣಿಗೆಗಳನ್ನೂ ಮಾಡುತ್ತಿದ್ದ ಈ ಕಂಪನಿ ೧೯೫೦ರ ದಶಕದಲ್ಲಿ ವಿಮಾನಗಳಿಗೆ ಕೈಹಾಕಿತು. ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು. ಎಂದರೆ ಆರಡಿ ಎತ್ತರದ ಆಳು ಒಂದಂಗುಲ. ಲೆಕ್ಕ ಮಾಡುವವನಿಗೆ ಇದಕ್ಕಿಂತ ಅನುಕೂಲವಾದ ಅಳತೆ ಇಲ್ಲ.

ಈ ಕಿಟ್ಟನ್ನು ನಾನು ಕೊಂಡದ್ದಲ್ಲ. ನಮ್ಮ ತಂದೆಯವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. ಆ ಕಾರ್ಖಾನೆಯನ್ನು ೧೯೪೦ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ವಾಲಚಂದ ಹಿರಾಚಂದರು ಸೊಲ್ಲಾಪುರದವರು. ಪುಣೆಯಲ್ಲಿ ನಿಂತು ಇದನ್ನು ಹೇಳದಿದ್ದರೆ ನಮ್ಮ ಸೊಲ್ಲಾಪುರದ ಸದಸ್ಯರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ತಂದೆಯವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಅಲ್ಲಿ ನ್ಯಾಟ್ ವಿಮಾನವನ್ನು ತಿದ್ದಿ ಅಜೀತ್ ಎಂಬ ವಿಮಾನ ಮಾಡುತ್ತಿದ್ದರು. ನ್ಯಾಟ್ ಎಂದರೆ ನೊರಜು. ಇಂಗ್ಲೆಂಡಿನ ಪೆಟರ್ ಎಂಬ ಇಂಜಿನಿಯರು ರೂಪಿಸಿದ ಈ ನೊರಜು ೧೯೫೫ರಲ್ಲಿ ಮೊದಲು ಹಾರಿತು. ಅದನ್ನು ನಮ್ಮವರು ಬೆಂಗಳೂರಿನಲ್ಲೇ ತಯಾರಿಸಿದರು. ೧೯೬೫ರ ಯುದ್ಧದಲ್ಲಿ ಅದು ಸೇಬರ್ ಸಂಹಾರಿ ಎಂಬ ಹೆಸರು ಪಡೆಯಿತು. ೧೯೭೧ರ ಡಿಸೆಂಬರ್ ೧೪ರಂದು ಶ್ರೀನಗರದ ಮೇಲೆ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ನಿರ್ಮಲಜಿತ್ ಸಿಂಗ್ ಸೆಖೋನರು ಹಾರಿಸುತ್ತಿದ್ದುದೂ ಇದನ್ನೇ.

೧೯೮೧ರಲ್ಲಿ ಸಹೋದ್ಯೋಗಿಯೊಬ್ಬರು ವಿಲಾಯತಿಯಿಂದ ಬರುವಾಗ ತಂದೆಯವರಿಗಾಗಿ ಈ ಪೆಟ್ಟಿಗೆ ತಂದರಂತೆ. ನಾನು ಆಗ ಹುಟ್ಟಿರಲಿಲ್ಲ. ತಂದೆಯವರು ಒಂದು ಭಾನುವಾರ ಕುಳಿತು ಒಡಲಿನ ಎರಡು ಹೋಳುಗಳನ್ನು ಅಂಟಿಸಿದರು, ಎಡಗಡೆಯ ರೆಕ್ಕೆಯನ್ನು ಅಂಟಿಸಿದರು, ಅಲ್ಲಿಗೆ ನಿಲ್ಲಿಸಿದರು. ಏಕೆಂದು ಕೇಳಿದಾಗಲೆಲ್ಲ ಒಂದೇ ಉತ್ತರ: “ಇದು ನಮ್ಮದಲ್ಲ ಮಾರಾಯ, ಇದಕ್ಕೆ ಎರಡು ಸೀಟು.” ಮಾತು ನಿಜ. ೧೯೬೪ರಲ್ಲಿ ಹೊರಬಂದ ಈ ಕಿಟ್ಟು ಬ್ರಿಟಿಷರು ಪೈಲಟ್ಟುಗಳ ಶಿಕ್ಷಣಕ್ಕೆಂದು ಮಾಡಿಕೊಂಡ ಇಬ್ಬರು ಕೂಡುವ ನ್ಯಾಟ್. ೧೯೬೫ರಿಂದ ೧೯೭೯ರ ವರೆಗೆ ಅವರ ‘ರೆಡ್ ಆರೋಸ್’ ತಂಡದವರು ಕೆಂಪು ಬಣ್ಣ ಬಳಿದು ಕಸರತ್ತು ತೋರಿಸುತ್ತಿದ್ದುದು ಇದರಲ್ಲೇ. ನಮ್ಮ ತಂದೆಯವರ ಕೈಯಲ್ಲಿ ತಯಾರಾಗುತ್ತಿದ್ದ ವಿಮಾನಕ್ಕೆ ಒಂದೇ ಸೀಟು. ಸೀಟಿನ ವಿಷಯದಲ್ಲಿ ಅವರು ರಾಜಿಯಾಗುವವರಲ್ಲ. ಮುಂದಿನ ಸೀಟಿನಲ್ಲಿ ಒಬ್ಬ ಪೈಲಟ್ಟನ್ನು ಕೂರಿಸಿ, ಇನ್ನೊಬ್ಬನನ್ನು ಚೌಕಟ್ಟಿನಲ್ಲೇ ಬಿಟ್ಟಿದ್ದರು. ಆ ಪೆಟ್ಟಿಗೆ ಅಟ್ಟದ ಮೇಲೆ ಮೂವತ್ತೈದು ವರ್ಷ ಕಳೆಯಿತು. ೨೦೧೬ರಲ್ಲಿ ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅದು ನನ್ನ ಜೊತೆ ಪುಣೆಗೆ ಬಂತು.

ಬೆಳಕಿಗೆ ಹಿಡಿದು ನೋಡಿದಾಗ ಎಡ ರೆಕ್ಕೆಯ ಬುಡದಲ್ಲಿ ಒಂದು ಹೆಬ್ಬೆರಳಿನ ಗುರುತು ಕಂಡಿತು. ಅಂಟು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆಂದು ಹೇಳಿದೆನಲ್ಲ, ಅಂಟು ಮೆತ್ತಿದ ಬೆರಳನ್ನು ಅಲ್ಲಿ ಒತ್ತಿದರೆ ಬೆರಳಿನ ಗೆರೆಗಳೆಲ್ಲ ಅಚ್ಚಾಗಿ ನಿಲ್ಲುತ್ತವೆ. ಈ ಗುರುತಿನಲ್ಲಿ ಗೆರೆಗಳನ್ನು ಅಡ್ಡಲಾಗಿ ಸೀಳಿದ ಒಂದು ಓರೆಗೀಟು. ಕಾರ್ಖಾನೆಯಲ್ಲಿ ಡ್ರಿಲ್ಲು ಜಾರಿ ತಂದೆಯವರ ಬಲ ಹೆಬ್ಬೆರಳಿಗೆ ಆದ ಗಾಯದ ಗೀಟು ಅದು. ಅದನ್ನು ನನಗೆ ತೋರಿಸಿಕೊಟ್ಟವರು ನಮ್ಮ ತಾಯಿಯವರು. ನಾನು ಮೊದಲು ಏನೋ ಬಿರುಕು ಎಂದುಕೊಂಡಿದ್ದೆ.

ಇದನ್ನು ಇದ್ದಂತೆಯೇ ಇಟ್ಟುಬಿಡಬಹುದಾಗಿತ್ತು. ಪೆಟ್ಟಿಗೆಯ ಚಿತ್ರದಂತೆ ಪೂರ್ತಿ ಮಾಡಬಹುದಾಗಿತ್ತು. ಹಿಂದಿನ ಸೀಟನ್ನು ಮುಚ್ಚಿ ಅಜೀತ್ ಮಾಡಲೂ ಬಹುದಾಗಿತ್ತು. ಆದರೆ ರೆಕ್ಕೆಯ ಅಳತೆಯೇ ಬೇರೆ, ಕೂಡಿಸಿದರೆ ಅದು ಸುಳ್ಳು ಅಜೀತ್ ಆಗುತ್ತಿತ್ತು. ಸುಳ್ಳೇ ಹೇಳುವುದಾದರೆ ತೆರೆದು ಹೇಳುವ ಸುಳ್ಳು ಮೇಲು ಎಂದು ನನ್ನ ಅಭಿಪ್ರಾಯ. ತಂದೆಯವರು ಊಟಕ್ಕೆ ಕುಳಿತಾಗಲೆಲ್ಲ ಒಂದು ಮಾತು ಆಡುತ್ತಿದ್ದರು: “ಮಾರುತಕ್ಕೆ ತಕ್ಕ ಇಂಜಿನ್ ಒಂದು ಸಿಕ್ಕಿದ್ದರೆ!” ಆ ‘ಸಿಕ್ಕಿದ್ದರೆ’ಯನ್ನೇ ಕಟ್ಟಿ ನೋಡೋಣ ಎನಿಸಿತು.

ಮಾರುತ ಎಂದರೆ ಎಚ್.ಎಫ್. ೨೪ ವಿಮಾನ. ೧೯೫೬ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕುರ್ಟ್ ಟಾಂಕ್ ಅವರು ನಮ್ಮ ಇಂಜಿನಿಯರುಗಳ ಜೊತೆ ಕೂಡಿ ರೂಪಿಸಿದ್ದು. ೧೯೫೯ರಲ್ಲಿ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಮಾಡಿ, ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸಿ ಹಾರಿಸಿ ನೋಡಿದರು. ೧೯೬೧ರ ಜೂನ್ ೧೭ರಂದು ನಿಜವಾದ ವಿಮಾನವನ್ನು ಸುರಂಜನ್ ದಾಸರು ಹಾರಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂಬುದು ಗೊತ್ತೋ ನಾನರಿಯೆ. ಶಬ್ದದ ವೇಗದ ಇಮ್ಮಡಿಗೆಂದು ಗೆರೆ ಎಳೆದ ವಿಮಾನ ಅದು. ಟಾಂಕರು ಬಯಸಿದ್ದ, ಆರ್ಫಿಯಸ್ ವಂಶದ ಹನ್ನೆರಡನೆಯ ನಮೂನೆಯ ಬಲವಾದ ಇಂಜಿನು ಹಣದ ಒಪ್ಪಂದವಾಗದೆ ನಿಂತುಹೋಯಿತು. ಕೊನೆಗೆ ೪,೮೫೦ ಪೌಂಡು ನೂಕುವ ಸಾಧಾರಣ ಆರ್ಫಿಯಸ್ ಎರಡನ್ನು ಹೂಡಿದರು. ಶಬ್ದದ ವೇಗವನ್ನು ಮುಟ್ಟುವ ಹೊತ್ತಿಗೇ ಅದಕ್ಕೆ ಏದುಸಿರು. ನ್ಯಾಟಿನ ಹೊಟ್ಟೆಯಲ್ಲಿ ಇರುವುದೂ ಇದೇ ವಂಶದ ಆರ್ಫಿಯಸ್, ಒಂದೇ ಒಂದು. ನನ್ನ ಕಲ್ಪನೆ ಹುಟ್ಟಿದ್ದು ಈ ನಂಟಿನಿಂದ.

ಕಲ್ಪನೆ ಇಷ್ಟು. ೧೯೬೩ನೆಯ ಇಸವಿ. ಆ ಬಲವಾದ ಇಂಜಿನಿಗೆ ಯಾರೋ ಪುಣ್ಯಾತ್ಮರು ಹಣ ಮಂಜೂರು ಮಾಡಿದ್ದಾರೆ. ಮಾರುತಕ್ಕೆ ಹೂಡುವ ಮೊದಲು ಹಾರಿಸಿ ಪರೀಕ್ಷಿಸಬೇಕು. ಅದಕ್ಕಾಗಿ ಇಂಗ್ಲೆಂಡಿನಿಂದ ಎರಡು ಸೀಟಿನ ನ್ಯಾಟ್ ಒಂದನ್ನು ಎರವಲು ತರುತ್ತಾರೆ. ಇದು ಕೇವಲ ಹುಚ್ಚಲ್ಲ. ಈಜಿಪ್ಟಿನವರು ತಮ್ಮ ಹೊಸ ಇಂಜಿನಿನ ಪರೀಕ್ಷೆಗೆ ನಮ್ಮ ಮಾರುತವೊಂದನ್ನೇ ಎರವಲು ಪಡೆದು, ೧೯೬೭ರಲ್ಲಿ ಒಂದು ಬದಿಗೆ ಆರ್ಫಿಯಸ್, ಇನ್ನೊಂದು ಬದಿಗೆ ತಮ್ಮದು ಹೂಡಿ ಹಾರಿಸಿದರು. ಇಂಗ್ಲೆಂಡಿನಲ್ಲಿ ೧೯೫೬ರಲ್ಲಿ ವೇಗದ ದಾಖಲೆ ಮಾಡಿದ ಫೇರಿ ಡೆಲ್ಟಾ ವಿಮಾನವನ್ನು ಬಿಚ್ಚಿ, ಕಾಂಕಾರ್ಡಿಗೆ ಬೇಕಾದ ಹೊಸ ರೆಕ್ಕೆ ಕಟ್ಟಿ, ೧೯೬೪ರಲ್ಲಿ ಬೇರೊಂದು ಹೆಸರಿನಿಂದ ಹಾರಿಸಿದರು. ನಿಜವೇ ಇಷ್ಟು ವಿಚಿತ್ರವಾಗಿರುವಾಗ ಕಲ್ಪನೆಗೆ ಸಂಕೋಚವೇಕೆ?

ಆದರೆ ನಾನು ಬ್ಯಾಂಕಿನವನು. ವೌಚರಿಲ್ಲದೆ ಒಂದು ರೂಪಾಯಿಯನ್ನೂ ಖರ್ಚು ಬರೆಯಲಾರೆ. ವಿಮಾನದಲ್ಲಿ ಮಾಡುವ ಪ್ರತಿಯೊಂದು ಮಾರ್ಪಾಟಿಗೂ ಒಂದು ಕಾರಣದ ವೌಚರು ಇರಬೇಕೆಂದು ನಿಯಮ ಮಾಡಿಕೊಂಡೆ. ಬಾಲ ಏಕೆ ಉದ್ದ? ಹೊಸ ಇಂಜಿನಿಗೆ ರೀಹೀಟ್ ಎಂಬ ವ್ಯವಸ್ಥೆ ಉಂಟು. ಒಲೆಯಿಂದ ಹೊರಟ ಬಿಸಿ ಹೊಗೆಗೆ ಕೊಳವೆಯಲ್ಲಿ ಮತ್ತೆ ಎಣ್ಣೆ ಎರಚಿ ಉರಿಸುವುದು. ಹೊಗೆಯಲ್ಲಿ ಇನ್ನೂ ಉಳಿದಿರುವ ಆಮ್ಲಜನಕ ಆ ಎಣ್ಣೆಯನ್ನು ಸುಡುತ್ತದೆ, ನೂಕು ಹೆಚ್ಚುತ್ತದೆ, ಎಣ್ಣೆಯ ಖರ್ಚು ಮಿತಿಮೀರುತ್ತದೆ. ಅದಕ್ಕೆ ಉದ್ದನೆಯ ಕೊಳವೆ ಬೇಕು. ಮೂರಡಿ ಎಂದಿಟ್ಟುಕೊಂಡೆ, ಮಾದರಿಯಲ್ಲಿ ಅರ್ಧ ಅಂಗುಲ. ಹಿಂದಿನ ಸೀಟು ಏಕೆ ಖಾಲಿ? ಅಲ್ಲಿ ಅಳೆಯುವ ಯಂತ್ರಗಳು. ಇದರಿಂದ ಚೌಕಟ್ಟಿನಲ್ಲೇ ಉಳಿದಿದ್ದ ಎರಡನೆಯ ಪೈಲಟ್ಟಿಗೂ ಒಂದು ಸಮಾಧಾನ ಸಿಕ್ಕಿತು. ಗಾಳಿ ಒಳಹೋಗುವ ಬಾಯಿಗಳಲ್ಲಿ ಅರ್ಧ ಶಂಕುಗಳು ಏಕೆ? ಮಾರುತದಲ್ಲಿ ಅವು ಇವೆ. ಅಧಿಕ ವೇಗದಲ್ಲಿ ನುಗ್ಗುವ ಗಾಳಿಯನ್ನು ಇಂಜಿನು ನುಂಗುವಷ್ಟು ನಿಧಾನಕ್ಕೆ ತರುತ್ತವೆ. ಮೂತಿಯ ಮುಂದೆ ಉದ್ದನೆಯ ಸೂಜಿ? ವಿಮಾನ ಕದಡದ ಗಾಳಿಯಲ್ಲಿ ವೇಗ ಅಳೆಯಲು.

ಕೆಲಸದ ಫಜೀತಿಗಳನ್ನು ಹೇಳಿದರೆ ರಾತ್ರಿಯಾದೀತು. ಬಾಲದ ರೆಕ್ಕೆಯನ್ನು ಅಗಲಿಸಲು ತೆಳು ಹಲಗೆ ಬೇಕಾಯಿತು. ಅವಧಿ ಮುಗಿದ ನನ್ನ ಎ.ಟಿ.ಎಂ. ಕಾರ್ಡನ್ನು ಕತ್ತರಿಸಿದೆ. (ನನ್ನದೇ ಕಾರ್ಡು, ಗ್ರಾಹಕರದಲ್ಲ.) ಅದು ಪಿ.ವಿ.ಸಿ., ನನ್ನ ಅಂಟಿಗೆ ಹಿಡಿಯಲೇ ಇಲ್ಲ. ಆಮೇಲೆ ತ್ರಿಕೋನದೊಳಗೆ ೬ ಎಂಬ ಅಂಕಿ ಇರುವ ಡಬ್ಬಿಯ ಮುಚ್ಚಳ ಹುಡುಕಿದೆ. ಆ ಅಂಕಿ ಇದ್ದರೆ ಪಾಲಿಸ್ಟೈರೀನ್ ಎಂದು ತಿಳಿಯಿರಿ. ಕೊಳವೆಗೆ ಬಾಲ್‌ಪೆನ್ನಿನ ಒಡಲು. ಸಂದುಗಳಿಗೆ, ಚೌಕಟ್ಟಿನ ಚೂರುಗಳನ್ನು ಅಂಟಿನಲ್ಲೇ ಕರಗಿಸಿದ ಹಿಟ್ಟು. ಸೂಜಿಗೆ, ಚೌಕಟ್ಟಿನ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಬಿಸಿಮಾಡಿ ಶಾವಿಗೆಯಂತೆ ಎಳೆದ ಎಳೆ. ಬಾಲ ಬೆಳೆದದ್ದರಿಂದ ವಿಮಾನ ಹಿಂದಕ್ಕೆ ಕುಕ್ಕರಿಸತೊಡಗಿತು. ಮೂತಿಗೆ ತೂಕ ಬೇಕು. ೨೦೧೧ರಲ್ಲಿ ಚಲಾವಣೆ ನಿಂತ ನಾಲ್ಕಾಣೆ ನಾಣ್ಯವನ್ನು ಹಾಕೋಣವೆಂದರೆ ಅದು ಒಳಗೆ ಹೋಗಲೊಲ್ಲದು. ಕೊನೆಗೆ ಮೀನು ಹಿಡಿಯುವವರ ಸೀಸದ ಗುಂಡುಗಳನ್ನು ಪೈಲಟ್ಟಿನ ಕಾಲ ಬಳಿಯಿಂದ ಒಂದೊಂದಾಗಿ ನೂಕಿದೆ.

ಇಷ್ಟೆಲ್ಲ ಹೇಳಿ ಒಂದನ್ನು ಬಿಟ್ಟಿದ್ದೇನೆ. ಬಾಲ ಉದ್ದ ಮಾಡಬೇಕಾದರೆ ಒಡಲನ್ನು ರೆಕ್ಕೆಯ ಹಿಂದೆ ಕುಯ್ಯಬೇಕು. ತಂದೆಯವರು ಕೂಡಿಸಿದ ಸಂದನ್ನು ಕುಯ್ಯಬೇಕು. ಗರಗಸ ಹಿಡಿದು ಮೂರು ಭಾನುವಾರ ಕುಳಿತು ಎದ್ದೆ. ನಾಲ್ಕನೆಯ ವಾರ ತಾಯಿಯವರು ಅವರೆಕಾಯಿ ಬಿಡಿಸುತ್ತಾ, “ಅವರಾಗಿದ್ದರೆ ಎಂದೋ ಕುಯ್ದಿರುತ್ತಿದ್ದರು. ನಿಮ್ಮ ಅಕ್ಕ ಆಗ ಅಂಬೆಗಾಲಿನವಳು, ಬ್ಲೇಡು ಸಿಕ್ಕೀತೆಂದು ಎತ್ತಿಟ್ಟರು” ಎಂದರು. ಸೀಟಿನ ಕಥೆಗೆ ಇದು ಬೇರೆಯೇ ಮುಖ. ಯಾವುದು ನಿಜವೋ! ಎರಡೂ ಇರಬಹುದು. ಅಂದು ಸಂಜೆ ಕುಯ್ದೆ. ಒಳಗೆ ಸಂದಿನುದ್ದಕ್ಕೂ ಅಂಟನ್ನು ಎಷ್ಟು ಸಮವಾಗಿ ಎಳೆದಿದ್ದರೆಂದರೆ, ಎರಡು ಹೋಳುಗಳ ನಡುವೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ನನ್ನ ಕೈಯಲ್ಲಿ ಇಂದಿಗೂ ಅಂಥ ಸಂದು ಬರುವುದಿಲ್ಲ.

ಬಣ್ಣ ಹಚ್ಚುವ ಮುನ್ನ ಎಲ್ಲವನ್ನೂ ಉಜ್ಜಿ ನುಣುಪು ಮಾಡಿದೆ, ಎಡ ರೆಕ್ಕೆಯ ಬುಡವೊಂದನ್ನು ಬಿಟ್ಟು. ಬೆಳ್ಳಿಯ ಬಣ್ಣಕ್ಕೆ ಮರೆಮಾಚುವ ಗುಣವಿಲ್ಲ. ಗೆರೆಗಳು ಮೊದಲಿಗಿಂತ ಸ್ಪಷ್ಟವಾಗಿ ಎದ್ದವು, ಓರೆಗೀಟೂ ಎದ್ದಿತು. ಇಲ್ಲಿಯ ಹವ್ಯಾಸಿಗಳು ಕೆಲವರು ಕೂಡಿದಾಗ ಇದನ್ನು ಒಯ್ದಿದ್ದೆ. ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನೋಡಿ, ಕೆಲಸ ಚೆನ್ನ, ಆದರೆ ಎಡ ರೆಕ್ಕೆಯ ಮೇಲೆ ಬೆರಳಚ್ಚು ಉಳಿದಿದೆ, ಉಜ್ಜಲು ಮರೆತಿದ್ದೀರಿ ಎಂದು ಮರಾಠಿಯಲ್ಲಿ ಹೇಳಿದರು. ಹೌದೆಂದೆ.

ಒಂಬತ್ತು ವರ್ಷದ ನನ್ನ ಮಗಳು ಬಾಲದ ಮೇಲೆ ಸಂಖ್ಯೆ ಬರೆಯುವ ಕೆಲಸವನ್ನು ತಾನೇ ವಹಿಸಿಕೊಂಡಳು. ಕನ್ನಡ ಅಂಕಿಗಳನ್ನು ಅವಳು ಕಲಿತದ್ದು ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ. ವಾಯುಸೇನೆಯ ವಿಮಾನಕ್ಕೆ ಕನ್ನಡ ಅಂಕಿ ಇರುವುದಿಲ್ಲವೆಂದು ನಾನು ವೌಚರು ಕೇಳಿದೆ. “ಈ ವಿಮಾನವೇ ಇರಲಿಲ್ಲವಲ್ಲ ಅಪ್ಪಾ” ಎಂದಳು. ಪಾಸು ಮಾಡಿದೆ. ಏಳನ್ನು ಸ್ವಲ್ಪ ತಿರುಗುಮುರುಗಾಗಿ ಬರೆದಿದ್ದಾಳೆ, ಹಾಗೆಯೇ ಇದೆ.

ಒಂದು ವಿಷಯ ಮಾತ್ರ ಮಕ್ಕಳಿಗೆ ಹೇಳಲು ನನಗೆ ಕಷ್ಟವಾಯಿತು. ರೀಹೀಟ್ ಹೂಡಿದ ಮಾರುತವನ್ನು ನಮ್ಮವರು ನಿಜವಾಗಿಯೇ ಕಟ್ಟಿದ್ದರು. ೧೯೭೦ರ ಜನವರಿ ೧೦ರಂದು ಅದರ ಪರೀಕ್ಷೆಯಲ್ಲಿ ಸುರಂಜನ್ ದಾಸರು ತೀರಿಕೊಂಡರು. ನನ್ನ ವಿಮಾನದ ಮುಂದಿನ ಸೀಟಿನಲ್ಲಿ ಕುಳಿತಿರುವ ಆ ಪುಟ್ಟ ಪೈಲಟ್ಟಿಗೆ ನಾನು ಹೆಸರು ಇಟ್ಟಿಲ್ಲ.

ವಿಮಾನ ಆ ಮೇಜಿನ ಮೇಲಿದೆ. ಮಕ್ಕಳು ಸಾಲಾಗಿ ಬಂದು ನೋಡಬಹುದು, ಎತ್ತಿಯೂ ನೋಡಬಹುದು. ಎತ್ತುವಾಗ ಹೊಟ್ಟೆ ಹಿಡಿದು ಎತ್ತಿ. ಮೂತಿಯ ಸೂಜಿ ಈಗಾಗಲೇ ಎರಡು ಸಲ ಮುರಿದಿದೆ.