ಪರಿಶುದ್ಧ ಬದುಕು ಮತ್ತು ಲೆಕ್ಕದ ಪುಸ್ತಕ



ಪರಿಶುದ್ಧತೆ ಎಂದೊಡನೆ ನಮ್ಮ ಕಡೆ ಬಹಳ ಮಂದಿಗೆ ಮೊದಲು ನೆನಪಾಗುವುದು ಮಡಿ. ಒದ್ದೆ ಬಟ್ಟೆ, ಮುಟ್ಟಿಸಿಕೊಳ್ಳದೆ ಮಾಡುವ ಅಡುಗೆ, ಬೇರೆಯಾಗಿ ನಿಲ್ಲುವ ಮನುಷ್ಯ. ಬೈಬಲಿನ ಶಬ್ದದ ಬೇರೂ ಇದರಿಂದ ತೀರಾ ದೂರವಲ್ಲ. ಹೀಬ್ರೂ ಭಾಷೆಯ ‘ಕಾದೋಶ್’ ಎಂಬ ಮಾತಿನಲ್ಲಿ ದೇವರಿಗಾಗಿ ಬೇರೆ ತೆಗೆದಿಟ್ಟದ್ದು ಎಂಬ ಅರ್ಥವಿದೆ. ಆದರೆ ಆ ಮಾತು ಬದುಕಿಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ನೋಡಬೇಕು. ದೇವರು ಪರಿಶುದ್ಧನಾಗಿರುವುದರಿಂದ ಜನರೂ ಹಾಗೆಯೇ ಇರಬೇಕೆಂಬ ಕರೆಯೊಡನೆ ಆ ಅಧ್ಯಾಯ ಆರಂಭವಾಗುತ್ತದೆ. ಮುಂದೆ ಬರುವುದೇನು? ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನತನಕ ಇಟ್ಟುಕೊಳ್ಳಬಾರದು, ತಕ್ಕಡಿ ಮತ್ತು ಅಳತೆ ಸರಿಯಾಗಿರಬೇಕು. ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ತೊಡಬಾರದೆಂಬ ನಿಯಮವೂ ಅಲ್ಲೇ ಇದೆ, ನಿಜ. ಆದರೂ ಪರಿಶುದ್ಧತೆಯನ್ನು ತಕ್ಕಡಿಯ ಪಕ್ಕದಲ್ಲಿ ತಂದು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ.

ಹೊಸ ಒಡಂಬಡಿಕೆಯಲ್ಲಿ ಪೇತ್ರನ ಮೊದಲನೆಯ ಪತ್ರ ಇದೇ ಕರೆಯನ್ನು ಕ್ರೈಸ್ತರಿಗೆಲ್ಲ ದಾಟಿಸಿತು. ಆದರೆ ಮುಂದಿನ ಶತಮಾನಗಳಲ್ಲಿ ಪರಿಶುದ್ಧ ಬದುಕು ಮನೆ-ಮಠ ಬಿಟ್ಟವರ ಪಾಲಿನದು ಎಂಬ ಭಾವನೆ ಬೆಳೆಯಿತು. ಮೂರನೇ ಶತಮಾನದ ಕೊನೆಯ ಭಾಗದಲ್ಲಿ ಈಜಿಪ್ಟಿನ ಆಂಟನಿ ಆಸ್ತಿ ಹಂಚಿ ಮರುಭೂಮಿಗೆ ನಡೆದ. ಅವನ ದಾರಿ ಹಿಡಿದವರಿಂದ ಸನ್ಯಾಸಿ ಮಠಗಳು ಬೆಳೆದವು. ಹದಿನಾರನೇ ಶತಮಾನದಲ್ಲಿ ಮಾರ್ಟಿನ್ ಲೂಥರ್, ಮನೆಗೆಲಸ ಮಾಡುವವಳ ದುಡಿಮೆಯೂ ದೇವರ ಸೇವೆಯೇ ಎಂದು ವಾದಿಸಿ ಮಠದ ಗೋಡೆಯನ್ನು ಅಲುಗಿಸಿದ. ಆದರೆ ಮನೆಯಲ್ಲಿದ್ದುಕೊಂಡೇ ಪರಿಶುದ್ಧನಾಗಿರುವುದು ಹೇಗೆ, ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಆ ಪ್ರಶ್ನೆಯನ್ನು ಹಟ ಹಿಡಿದು ಬೆನ್ನಟ್ಟಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಜಾನ್ ವೆಸ್ಲಿ.

ವೆಸ್ಲಿಯ ಹೆಸರು ಹಳೆಯ ಮೈಸೂರು ಸೀಮೆಗೆ ಹೊಸದಲ್ಲ. ಅವನ ಅನುಯಾಯಿಗಳಾದ ವೆಸ್ಲಿಯನ್ ಮಿಷನರಿಗಳು 1821ರಲ್ಲೇ ಬೆಂಗಳೂರಿಗೆ ಬಂದಿದ್ದರು. 1906ರಲ್ಲಿ ಆರಂಭವಾದ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’, ಅದೇ ಪರಂಪರೆಯದು. ಆ ಪರಂಪರೆಯ ಮೂಲಪುರುಷ 1703ರಲ್ಲಿ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. ಆಕ್ಸ್‌ಫರ್ಡಿನಲ್ಲಿ ಅವನೂ ತಮ್ಮ ಚಾರ್ಲ್ಸನೂ ಕೆಲವು ಗೆಳೆಯರೂ ಸೇರಿ ಗೊತ್ತಾದ ವೇಳೆಗೆ ಪ್ರಾರ್ಥನೆ, ಉಪವಾಸ, ಸೆರೆಮನೆಯ ಭೇಟಿ ಎಂದು ದಿನಚರಿ ಹಾಕಿಕೊಂಡಿದ್ದರು. ‘ಮೆಥಡಿಸ್ಟ್’ ಎಂಬುದು ಈ ಪದ್ಧತಿಯ ಹುಚ್ಚನ್ನು ಕಂಡು ಇತರರು ಇಟ್ಟ ಅಡ್ಡಹೆಸರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದರಲ್ಲಿ, ದೇವರ ಕ್ಷಮೆ ತನಗೂ ಉಂಟೆಂಬ ಭರವಸೆ ಅವನಲ್ಲಿ ಮೂಡಿತು. ಮರುವರ್ಷ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಲ್ಲಿ ನಿಂತು ಉಪದೇಶ ಮಾಡತೊಡಗಿದ.

ಮುಂದೆ ನಡೆದದ್ದು ಸ್ವಾರಸ್ಯಕರ. ಬ್ರಿಸ್ಟಲ್‌ನಲ್ಲಿ ಕಟ್ಟಿದ ಸಭಾಗೃಹದ ಮೇಲೆ ಸಾಲವಿತ್ತು. 1742ರಲ್ಲಿ ಸದಸ್ಯರಲ್ಲೊಬ್ಬರು ಒಂದು ಉಪಾಯ ಹೇಳಿದರು: ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ, ಹನ್ನೆರಡು ಜನಕ್ಕೊಬ್ಬ ಮುಖಂಡನಿದ್ದು ಮನೆಮನೆಗೆ ಹೋಗಿ ವಸೂಲು ಮಾಡಲಿ, ಕೊಡಲಾಗದವರ ಪಾಲನ್ನು ಅವನೇ ತುಂಬಲಿ. ಹಾಗೆ ಹೋದವರಿಗೆ ಮನೆಗಳ ಒಳಗಿನ ಸ್ಥಿತಿ ಕಾಣತೊಡಗಿತು. ಒಬ್ಬ ಕುಡಿಯುತ್ತಿದ್ದಾನೆ, ಇನ್ನೊಂದು ಮನೆಯಲ್ಲಿ ಜಗಳ. ವಾರದ ವಸೂಲಿ ವಾರದ ವಿಚಾರಣೆಯಾಯಿತು, ಕೊನೆಗೆ ವಾರದ ಕೂಟವಾಯಿತು. ಕಳೆದ ವಾರ ಹೇಗೆ ಬದುಕಿದೆ ಎಂದು ನೆರೆಹೊರೆಯವರ ಎದುರು ಹೇಳಿಕೊಳ್ಳುವ ಈ ‘ಕ್ಲಾಸ್’ ಪದ್ಧತಿಯೇ ಮೆಥಡಿಸ್ಟರ ಬೆನ್ನೆಲುಬು. ಒಂಟಿಯಾಗಿ ಯಾರೂ ಪರಿಶುದ್ಧರಾಗಲಾರರು ಎಂಬುದು ವೆಸ್ಲಿಯ ದೃಢ ಅಭಿಪ್ರಾಯ. ಸಾಲ ತೀರಿಸುವ ಚಂದಾ ಎತ್ತುವಿಕೆಯಿಂದ ಇಂಥದೊಂದು ಏರ್ಪಾಡು ಹುಟ್ಟಿದ್ದನ್ನು ಅವನು ಮುಚ್ಚಿಡಲೂ ಇಲ್ಲ.

1743ರಲ್ಲಿ ಅವನು ಹೊರಡಿಸಿದ ನಿಯಮಾವಳಿಯನ್ನು ಓದಿದರೆ ಯಾಜಕಕಾಂಡದ ಆ ಅಧ್ಯಾಯವೇ ನೆನಪಾಗುತ್ತದೆ. ಕುಡಿತ ಬೇಡ, ಜಗಳ ಬೇಡ ಎಂಬುದರ ಜೊತೆಗೆ, ಸುಂಕ ಕಟ್ಟದ ಮಾಲನ್ನು ಕೊಳ್ಳಬಾರದು, ಮಾರಬಾರದು. ತೀರಿಸುವ ದಾರಿ ಕಾಣದೆ ಸಾಲ ಮಾಡಬಾರದು ಎಂದೂ ಇದೆ. ಕಳ್ಳಸಾಗಣೆಯ ಚಹಾ, ಬ್ರಾಂದಿ ಊರೂರಲ್ಲಿ ಸಲೀಸಾಗಿ ಸಿಗುತ್ತಿದ್ದ ಆ ಕಾಲದ ಇಂಗ್ಲೆಂಡಿನಲ್ಲಿ ಇದು ಬಿಗಿಯಾದ ಮಾತೇ ಸರಿ.

ಹಣದ ವಿಷಯದಲ್ಲಿ ವೆಸ್ಲಿ ತನಗೂ ವಿನಾಯಿತಿ ಕೊಟ್ಟುಕೊಳ್ಳಲಿಲ್ಲ. ಉಪದೇಶವೊಂದರಲ್ಲಿ ಅವನು ಹೆಸರಿಸದೆ ಒಬ್ಬ ಆಕ್ಸ್‌ಫರ್ಡ್ ಯುವಕನ ಲೆಕ್ಕ ಹೇಳುತ್ತಾನೆ. ಅದು ಅವನದೇ ಲೆಕ್ಕವೆಂದು ಸಾಮಾನ್ಯ ನಂಬಿಕೆ. ವರ್ಷದ ವರಮಾನ 30 ಪೌಂಡ್ ಇದ್ದಾಗ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ. ವರಮಾನ 60 ಆದಾಗಲೂ ಖರ್ಚು 28, ದಾನ 32. 90 ಆದಾಗ ದಾನ 62, 120 ಆದಾಗ 92. 1776ರಲ್ಲಿ ತೆರಿಗೆ ಅಧಿಕಾರಿಗಳು ಬೆಳ್ಳಿ ಸಾಮಾನಿನ ವಿವರ ಕೇಳಿದಾಗ ಅವನ ಬಳಿ ಇದ್ದದ್ದು ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿ ಚಮಚಗಳು.

ಆದರೆ ಅನುಯಾಯಿಗಳ ಲೆಕ್ಕ ಹೀಗೆ ಸಾಗಲಿಲ್ಲ. ಕುಡಿತ ಬಿಟ್ಟು ಹೊತ್ತಿಗೆ ಸರಿಯಾಗಿ ದುಡಿಯುವವನ ಕೈಯಲ್ಲಿ ನಾಲ್ಕು ಕಾಸು ನಿಲ್ಲುತ್ತದೆ. ಕಾಸು ನಿಂತಂತೆ ಒಳ್ಳೆಯ ಬಟ್ಟೆ, ಒಳ್ಳೆಯ ಮನೆ, ಅದರ ಹಿಂದೆಯೇ ಗರ್ವ. ಧರ್ಮ ಶ್ರಮ ಮತ್ತು ಮಿತವ್ಯಯವನ್ನು ಹುಟ್ಟಿಸುತ್ತದೆ, ಅವು ಸಂಪತ್ತನ್ನು ಹುಟ್ಟಿಸುತ್ತವೆ, ಸಂಪತ್ತು ಮತ್ತೆ ಧರ್ಮವನ್ನೇ ತಿನ್ನುತ್ತದೆ ಎಂಬ ಆತಂಕವನ್ನು 83ರ ವಯಸ್ಸಿನಲ್ಲಿ, 1786ರಲ್ಲಿ, ಅವನೇ ಬರೆದಿಟ್ಟ. ಇದಕ್ಕೆ ಅವನಿಗೆ ತೋಚಿದ ಮದ್ದು ಒಂದೇ: ಉಳಿದದ್ದನ್ನೆಲ್ಲ ಕೊಟ್ಟುಬಿಡುವುದು. ಆ ಮದ್ದನ್ನು ಕುಡಿದವರು ಕಡಿಮೆ.

ಕಠಿಣ ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ. ಗುಲಾಮಗಿರಿಯನ್ನು ಖಂಡಿಸಿ ವೆಸ್ಲಿ 1774ರಲ್ಲೇ ಪುಸ್ತಿಕೆ ಪ್ರಕಟಿಸಿದ್ದ. 1784ರ ಡಿಸೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಅಮೆರಿಕದ ಮೆಥಡಿಸ್ಟರು, ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಬೇಕೆಂದು ನಿಯಮ ಮಾಡಿದರು. ಭೂಮಾಲಿಕರ ವಿರೋಧ ಎದ್ದಿತು. ಆರು ತಿಂಗಳಾಗುವಷ್ಟರಲ್ಲಿ ನಿಯಮವನ್ನು ತಡೆಹಿಡಿಯಲಾಯಿತು. ಆರು ತಿಂಗಳು! ಮುಂದೆ 1844ರಲ್ಲಿ ಬಿಷಪ್ ಜೇಮ್ಸ್ ಆಂಡ್ರೂ ಗುಲಾಮರ ಒಡೆಯನಾದ ವಿಚಾರಕ್ಕೇ ಸಭೆ ಉತ್ತರ-ದಕ್ಷಿಣವೆಂದು ಒಡೆಯಿತು. ಅದು ಮತ್ತೆ ಒಂದಾದದ್ದು 1939ರಲ್ಲಿ. ಕುಡಿತ, ಜೂಜಿನ ವಿಷಯದಲ್ಲಿ ಪರಿಶುದ್ಧತೆಯನ್ನು ಒಪ್ಪಿದವರಿಗೆ ಗುಲಾಮರ ವಿಷಯದಲ್ಲಿ ಅದು ದುಬಾರಿಯಾಗಿ ಕಂಡಿತು.

ಸನ್ಯಾಸಿ, ಗೃಹಸ್ಥ ಎಂಬ ಭೇದವಿಲ್ಲದೆ ಪರಿಶುದ್ಧತೆಯ ಕರೆ ಎಲ್ಲರಿಗೂ ಉಂಟೆಂದು ರೋಮಿನ ಎರಡನೇ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ ಘೋಷಿಸಿತು. ಗೃಹಸ್ಥನಾಗಿದ್ದು ಧರ್ಮಕ್ಕಾಗಿ ಪ್ರಾಣಬಿಟ್ಟ ತಿರುವಾಂಕೂರಿನ ದೇವಸಹಾಯಂ ಪಿಳ್ಳೆ 2022ರಲ್ಲಿ ಸಂತಪದವಿಗೇರಿದ್ದನ್ನು ಇದೇ ಸಾಲಿನಲ್ಲಿ ನೋಡಬಹುದು.

ವೆಸ್ಲಿ ಮಾತ್ರ ತನ್ನ ಲೆಕ್ಕವನ್ನು ಕೊನೆಯವರೆಗೂ ಬಿಡಲಿಲ್ಲ. 1791ರ ಮಾರ್ಚ್ 2ರಂದು, 87ರ ವಯಸ್ಸಿನಲ್ಲಿ ಅವನು ತೀರಿಕೊಂಡ. ಶವಕ್ಕೆ ಗಾಡಿ ಬೇಡ, ಮೆರವಣಿಗೆ ಬೇಡ ಎಂದು ಉಯಿಲಿನಲ್ಲಿ ಬರೆದಿದ್ದ. ಹೆಣ ಹೊರಲು ಆರು ಮಂದಿ ಬಡವರನ್ನು ಕರೆಯಬೇಕು, ತಲಾ ಒಂದು ಪೌಂಡ್ ಕೂಲಿ ಕೊಡಬೇಕು ಎಂದೂ ಅದರಲ್ಲಿ ಇತ್ತು.